ಸೋಲಾರ್ ಕುಕ್ಕರಿನಲ್ಲಿ ತೊಗರಿಬೇಳೆ ಬೇಯುತ್ತಿಲ್ಲ, ಗಾಜಿನ ನಡುವೆ ಹಬೆ

ಬಳ್ಳಾರಿ_ಬಿಸಿಲು:
ನಮಸ್ಕಾರ. ಬಳ್ಳಾರಿ ಹತ್ತಿರದ ಹಳ್ಳಿ ನಮ್ಮದು. ಅಮ್ಮನಿಗೆ ಅಂತ ಪೆಟ್ಟಿಗೆ ಥರದ ಸೋಲಾರ್ ಕುಕ್ಕರ್ ತಂದಿದ್ದೇನೆ. ಮನೆಯಲ್ಲಿ ಗ್ಯಾಸ್ ಇದ್ದರೂ ಬೇಳೆಕಾಳು ಬೇಯುವುದು ಸೌದೆ ಒಲೆಯಲ್ಲೇ. ಆ ಹೊಗೆ ತಪ್ಪಲಿ ಅಂತ ಆಸೆ. ಬೇಸಿಗೆಯಲ್ಲಿ ಎಲ್ಲ ಬೇಯುತ್ತಿತ್ತು. ಈಗ ಡಿಸೆಂಬರಿನಲ್ಲಿ ಅನ್ನ ಆಗುತ್ತದೆ, ತೊಗರಿಬೇಳೆ ಸಂಜೆಯಾದರೂ ಗಟ್ಟಿ. ಮುಚ್ಚಳದ ಎರಡು ಗಾಜಿನ ನಡುವೆ ಹಬೆ ಬೇರೆ ಕಟ್ಟುತ್ತಿದೆ. ಬಳಸೋದು ಬೋರ್‌ವೆಲ್ ನೀರು. ಏನು ಮಾಡಲಿ?

ಒಲೆಮಿತ್ರ:
ಮೊದಲು ಕನ್ನಡಿ ನೋಡಿ ಸರ್. ಏಪ್ರಿಲ್ ಕೊನೆಗೆ ನಿಮ್ಮೂರಲ್ಲಿ ಸೂರ್ಯ ನೆತ್ತಿ ಮೇಲೆ ಇರುತ್ತಾನೆ, ಆಗ ಕನ್ನಡಿ ಚೆನ್ನಾಗಿ ಹಿಂದಕ್ಕೆ ವಾಲಿರಬೇಕು. ಈಗ ನಡುಮಧ್ಯಾಹ್ನವೂ ಸುಮಾರು 51 ಡಿಗ್ರಿ ಎತ್ತರಕ್ಕಷ್ಟೇ ಬರುತ್ತಾನೆ. ಅದಕ್ಕೆ ಕನ್ನಡಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ಕನ್ನಡಿಯ ಬೆಳಕು ಪಾತ್ರೆಗಳ ಮೇಲೆ ಬೀಳುತ್ತಿದೆಯಾ ಅಂತ ನೋಡುತ್ತಾ, ಆಗಾಗ ಪೆಟ್ಟಿಗೆ ತಿರುಗಿಸಿ.

ಹಬೆ ಇದೆ ಅಂದರೆ ಎಲ್ಲೋ ಸಂದಿ ಬಿಟ್ಟಿದೆ. ಮುಚ್ಚಳದಡಿ ಒಂದು ಕಾಗದದ ಚೂರು ಇಟ್ಟು ಸುತ್ತಲೂ ಎಳೆದು ನೋಡಿ. ಸಲೀಸಾಗಿ ಜಾರುವ ಕಡೆ ಗ್ಯಾಸ್ಕೆಟ್ ಹೋಗಿದೆ. ತೇವ ಪೆಟ್ಟಿಗೆಯ ಗೋಡೆಯೊಳಗೆ ಶಾಖ ಹಿಡಿದಿಡಲು ತುಂಬಿರುವ ಗಾಜಿನುಣ್ಣೆಗೂ (ಗ್ಲಾಸ್ ವುಲ್) ಇಳಿದಿದ್ದರೆ ಶಾಖ ನಿಲ್ಲುವುದಿಲ್ಲ. ಖಾಲಿ ಪೆಟ್ಟಿಗೆಯ ಮುಚ್ಚಳ ಸ್ವಲ್ಪ ಎತ್ತಿಟ್ಟು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮುಚ್ಚಿ ಓವನ್ ಥರ್ಮಾಮೀಟರ್ ಇಟ್ಟರೆ ಒಳ್ಳೆ ಬಿಸಿಲಿಗೆ 120 ಡಿಗ್ರಿ ದಾಟಬೇಕು.

ಹೊಲದಂಚು:
ನೀರೂ ಕಾರಣ ಇರಬಹುದು. ಗಡಸು ನೀರಲ್ಲಿ ತೊಗರಿ ಬೇಗ ಬೇಯಲ್ಲ. ಊರಿನ ಶುದ್ಧ ನೀರಿನ ಘಟಕದ ನೀರಲ್ಲಿ ಬೇಳೆ ನೆನೆಸಿ, ಅದರಲ್ಲೇ ಇಡಿ. ಹುಣಸೆಹುಳಿ ಬೆಂದ ಮೇಲೆ ಹಾಕಿ. ಹತ್ತು ಗಂಟೆಯೊಳಗೆ ಇಟ್ಟುಬಿಡಿ. ನಡುವೆ ಸುಮ್ನೆ ಮುಚ್ಚಳ ತೆಗೆಯಬೇಡಿ, ತೆಗೆದ ಪ್ರತಿ ಸಲ ಬಿಸಿ ಹೋಗುತ್ತದೆ.

ಬಳ್ಳಾರಿ_ಬಿಸಿಲು:
ಹಿಂಜ್ ಕಡೆ ಕಾಗದ ಜಾರಿತು. ಅಲ್ಲಿ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿದೆ. ಯಾವುದು ಹಾಕಿಸಲಿ? ಜೋಳದ ರೊಟ್ಟಿಯೂ ಆಗುತ್ತಾ ಅಂತ ಅಮ್ಮ ಕೇಳುತ್ತಿದ್ದಾರೆ.

ಒಲೆಮಿತ್ರ:
ಸಿಲಿಕೋನ್ ಗ್ಯಾಸ್ಕೆಟ್ ಹಾಕಿಸಿ. ಮಾಮೂಲಿ ರಬ್ಬರು ಆ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ರೊಟ್ಟಿ ಆಗಲ್ಲ, ಅದಕ್ಕೆ ಕಾದ ಹಂಚೇ ಬೇಕು. ಒಲೆ ಪೂರ್ತಿ ಬಿಡಿ ಅಂತ ಅಮ್ಮನಿಗೆ ಹೇಳಬೇಡಿ. ಸೌದೆ ಜಾಸ್ತಿ ತಿನ್ನೋದು ಗಂಟೆಗಟ್ಟಲೆ ಬೇಯುವ ಬೇಳೆ, ಹುರುಳಿ, ಕಡಲೆ. ಅದಷ್ಟು ಬಿಸಿಲಿಗೆ ಹೋದರೂ ಅಮ್ಮ ಹೊಗೆ ಮುಂದೆ ಕೂರುವ ಹೊತ್ತು ಎಷ್ಟೋ ಇಳಿಯುತ್ತದೆ. ಆ ಹೊಗೆಯ ಕರಿಮಸಿ ಗಾಳಿಯಲ್ಲಿ ಬಿಸಿಲು ಹೀರಿ ಭೂಮಿಯ ಬಿಸಿಯನ್ನೂ ಏರಿಸುತ್ತದೆ, ಅದೂ ತಗ್ಗುತ್ತದೆ. ಮೋಡದ ದಿನಕ್ಕೆ ಗ್ಯಾಸ್ ಮೇಲೆ ಪ್ರೆಶರ್ ಕುಕ್ಕರ್ ಇಡಿ. ಗ್ಯಾಸ್ಕೆಟ್ ಹಾಕಿಸಿದ ಮೇಲೆ ಕಾಗದ ಎಳೆದು ಇನ್ನೊಮ್ಮೆ ನೋಡಿ, ಥರ್ಮಾಮೀಟರ್ ಎಷ್ಟು ತೋರಿಸಿತು ಅಂತ ಇಲ್ಲಿ ಬರೆಯಿರಿ.