ಹಿಮದ ಗೂಡಿನೊಳಗಿನ ದೀಪವನ್ನು ಜಲವರ್ಣದಲ್ಲಿ ತರುವುದು ಹೇಗೆ?

ಪ್ರಶ್ನೆ (ಜಯನಗರದಿಂದ):
ಎಲ್ಲರಿಗೂ ನಮಸ್ಕಾರ. ಜಪಾನಿನ ಅಕಿತಾ ಪ್ರಾಂತ್ಯದ ಯೊಕೊತೆ ಊರಿನಲ್ಲಿ ಫೆಬ್ರವರಿ ನಡುವಿನಲ್ಲಿ ನಡೆಯುವ ಕಮಾಕುರಾ ಹಬ್ಬಕ್ಕೆ ನನ್ನ ಮಗಳ ಸಂಸಾರ ಹೋಗಿಬಂದಿತು. ಅಲ್ಲಿ ಹಿಮವನ್ನು ಗುಡ್ಡೆ ಹಾಕಿ, ಗಟ್ಟಿಮಾಡಿ, ಒಳಗನ್ನು ಕೊರೆದು ಆಳೆತ್ತರಕ್ಕೂ ಮೀರಿದ ಗೂಡುಗಳನ್ನು ಮಾಡುತ್ತಾರೆ. ಒಳಗೆ ಜಲದೇವತೆಯ ಪೂಜೆ ನಡೆಯುತ್ತದೆ. ಊರ ಮಕ್ಕಳು ಬಂದವರನ್ನು ಒಳಕ್ಕೆ ಕರೆದು ಅಮಝಾಕೆ ಎಂಬ ಅಕ್ಕಿಯ ಬಿಸಿ ಪಾನೀಯವನ್ನೂ ಮೋಚಿ ಎಂಬ ಅಂಟು ಅಕ್ಕಿಯ ಸುಟ್ಟ ಕಡುಬನ್ನೂ ಕೊಡುತ್ತಾರೆ. ಮೊಮ್ಮಗಳು ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ತಾಯಿಗೆ ಒರಗಿ ಕುಳಿತಿರುವ ಒಂದು ಫೋಟೋ ಕಳುಹಿಸಿದ್ದಾರೆ. ಅದನ್ನು 300 ಜಿಎಸ್‌ಎಂ ತೂಕದ ದಪ್ಪ ಕಾಗದದ ಮೇಲೆ ಮೂರು ಸಲ ಬರೆದೆ. ಮೂರರಲ್ಲೂ ಹಿಮ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ, ಒಳಗಿನ ದೀಪ ಕಾಳ್ಗಿಚ್ಚಿನಂತೆ ಉರಿಯುತ್ತದೆ. ಹಿಮವನ್ನೇ ಕಾಣದ ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1:
ಅಮ್ಮಾ, ತಾವು ದೀಪಕ್ಕೆ ಬಣ್ಣ ಹೆಚ್ಚಿಸುತ್ತಿದ್ದೀರಿ, ಹಿಮಕ್ಕೆ ಬಣ್ಣವನ್ನೇ ಕೊಡುತ್ತಿಲ್ಲ ಎಂದು ನನಗೆ ತೋರುತ್ತದೆ. ಮುಸ್ಸಂಜೆಯ ಹಿಮ ಬಿಳಿಯಲ್ಲ. ಆಕಾಶದ ನೀಲಿಯೇ ಅದರ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಹೊರಗಿನ ಹಿಮಕ್ಕೆಲ್ಲ ಕೋಬಾಲ್ಟ್ ನೀಲಿಯ ತೆಳುವಾದ ವಾಶ್ (ನೀರು ಬೆರೆಸಿದ ಬಣ್ಣದ ಲೇಪ) ಕೊಡಿ, ನೆರಳಿಗೆ ಅದರಲ್ಲಿಯೇ ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ. ಬರಿಯ ಕಾಗದದ ಬಿಳಿಯನ್ನು ದೀಪದ ಸುತ್ತ, ಬಟ್ಟಲಿನ ಅಂಚಿನಲ್ಲಿ, ಮಗುವಿನ ಕೆನ್ನೆಯ ಒಂದು ಗೆರೆಯಲ್ಲಿ ಮಾತ್ರ ಉಳಿಸಿಕೊಳ್ಳಿ. ಅಲ್ಲಿಂದ ಹೊರಕ್ಕೆ ತಿಳಿಹಳದಿ, ಆಮೇಲೆ ಕಿತ್ತಳೆ ಹರಡುತ್ತ ಬರಲಿ. ಹಳದಿ ಪೂರ್ತಿ ಒಣಗುವ ಮುನ್ನ ನೀಲಿ ತಾಗಿಸಬೇಡಿ. ಕಿತ್ತಳೆಯೂ ನೀಲಿಯೂ ಹಸಿಯಾಗಿ ಬೆರೆತರೆ ಕೆಸರಾಗುತ್ತದೆ, ಆ ಕೆಸರು ಬಾಗಿಲ ಅಂಚಿಗೇ ಬಂದು ಕೂತರೆ ಚಿತ್ರದ ಬಿಸುಪೆಲ್ಲ ಹೋಯಿತು.

ನಮ್ಮವರೇ ಆದ ಚಿತ್ರಕಲಾವಿದ ಕೆ. ವೆಂಕಟಪ್ಪನವರು (1886–1965) ಜಲವರ್ಣದಲ್ಲಿ ಬರೆದ ಊಟಿಯ ದೃಶ್ಯಗಳನ್ನು ಹುಡುಕಿ ನೋಡಿ. ಹಿಮವಲ್ಲದಿದ್ದರೂ, ತಂಪು ಬೆಳಕಿನ ಪಾಠ ಅಲ್ಲಿದೆ.

ಉತ್ತರ 2:
ಹಿಮ ಕಾಣದವರಿಗೆ ನಾನು ಸದಾ ಹೇಳುವುದೊಂದಿದೆ. ಕತ್ತಲಾಗುವ ಹೊತ್ತಿಗೆ ಬಾಲ್ಕನಿಯಲ್ಲಿ ಒಂದು ಹರಿವಾಣದ ತುಂಬ ಬಿಳಿ ರಂಗೋಲಿ ಪುಡಿಯನ್ನು ಚೂರು ನೀರು ಚಿಮುಕಿಸಿ ಗುಡ್ಡೆ ಮಾಡಿ, ಬೆರಳಿನಿಂದ ಪುಟ್ಟ ಗುಹೆ ತೋಡಿ, ಒಳಗೆ ಹಣತೆ ಹಚ್ಚಿಡಿ. ಗುಹೆಯ ಬಾಯಿ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಹಣತೆಯ ಬೆಳಕು ತಾಗದ ಹೊರಮೈ ತಾನಾಗಿಯೇ ನೀಲಿಯಾಗುತ್ತದೆ. ಅದನ್ನು ನೋಡುತ್ತ ಬರೆಯಿರಿ, ಫೋಟೋವನ್ನು ಮುಖಭಾವಕ್ಕಷ್ಟೇ ಇಟ್ಟುಕೊಳ್ಳಿ. ಮೊಬೈಲ್ ಕ್ಯಾಮೆರಾ ಇಂಥ ಬೆಳಕನ್ನು ಎಷ್ಟೋ ಸಲ ತಾನೇ ತಿದ್ದಿಬಿಡುತ್ತದೆ.

ಉತ್ತರ 3:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಬಿಳಿ ಉಳಿಸಲು ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದಕ್ಕೆ ಹಚ್ಚಿ ಆಮೇಲೆ ಕೀಳುವ ರಬ್ಬರಿನಂಥ ದ್ರವ) ಬಳಸುವಿರಾದರೆ ಬಣ್ಣ ಒಣಗಿದ ದಿನವೇ ತೆಗೆದುಬಿಡಿ. ಬೇಸಿಗೆಯಲ್ಲಿ ವಾರಗಟ್ಟಲೆ ಬಿಟ್ಟು, ಕೀಳುವಾಗ ಕಾಗದದ ಮೈಯನ್ನೇ ಕಿತ್ತುಕೊಂಡ ಅನುಭವ ನನಗಿದೆ. ತಾಯಿ ಮಗುವನ್ನು ಬೇರೆ ಬೇರೆ ಗೆರೆಗಳಲ್ಲಿ ಕಟ್ಟದೆ, ಇಬ್ಬರ ನೆರಳನ್ನೂ ಒಂದೇ ವಾಶ್‌ನಲ್ಲಿ ಕೂಡಿಸಿ. ಒರಗಿ ಕುಳಿತ ಆಪ್ತತೆ ಅಲ್ಲಿಂದಲೇ ಬರುತ್ತದೆ.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ರಂಗೋಲಿ ಗುಡ್ಡೆಯಲ್ಲಿ ಹಣತೆ ಇಟ್ಟು ನೋಡಿದೆ. ನೀಲಿ ನಿಜವಾಗಿಯೂ ಕಂಡಿತು. ನಾಲ್ಕನೆಯ ಕಾಗದಕ್ಕೆ ಹಳದಿ ಹಾಕಿ ಒಣಗಲು ಬಿಟ್ಟಿದ್ದೇನೆ.