ಸಗಣಿ, ಲದ್ದಿ, ಹಿಕ್ಕೆ: ಎಲ್ಲಕ್ಕೂ ಸೇರಿ ಯಾವ ಪದ?

ಪ್ರಾಣಿಗಳ ಸಗಣಿ, ಲದ್ದಿ, ಹಿಕ್ಕೆಗಳಿಂದ ಮಣ್ಣಿಗೂ ಗಿಡಮರಗಳಿಗೂ ಏನಾಗುತ್ತದೆ ಅಂತ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ತಲೆಬರಹಕ್ಕೇ ಪದ ಸಿಗುತ್ತಿಲ್ಲ. ಎಲ್ಲವನ್ನೂ ಒಟ್ಟಾಗಿ ಹೇಳಬೇಕಾದರೆ ಏನನ್ನುವುದು? ಪಠ್ಯಪುಸ್ತಕಗಳಲ್ಲಿ 'ಮಲ' ಇದೆ, 'ತ್ಯಾಜ್ಯ' ಇದೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ.

ನಮ್ಮ ಮಾತಿನಲ್ಲಿರುವ ಪದಗಳನ್ನೇ ನೋಡಿ. ಹಸು, ಎಮ್ಮೆ, ಕಾಟಿ ಹಾಕುವುದು ಸಗಣಿ. ಆನೆ, ಕುದುರೆ, ಕತ್ತೆಯದು ಲದ್ದಿ. ಕುರಿ, ಆಡು, ಜಿಂಕೆ, ಮೊಲ, ಇಲಿ, ಹಲ್ಲಿ, ಹಕ್ಕಿ ಇವೆಲ್ಲದರದ್ದು ಹಿಕ್ಕೆ, ಕೆಲವರ ಬಾಯಲ್ಲಿ ಪಿಕ್ಕೆ. ಸುಮ್ನೆ ಪ್ರಾಣಿಗೊಂದು ಹೆಸರು ಕೊಟ್ಟಿದ್ದಲ್ಲ ಇದು. ಹಸು ಮೆಲುಕು ಹಾಕಿ ಮೇವನ್ನು ನುಣ್ಣಗೆ ಅರೆದುಬಿಡುತ್ತದೆ, ಹಾಗಾಗಿ ಬೀಳುವುದು ಮೆತ್ತನೆಯ ತೊಪ್ಪೆ. ಆನೆ, ಕುದುರೆ ಮೆಲುಕು ಹಾಕುವುದಿಲ್ಲ, ಅದರಲ್ಲೂ ಆನೆ ತಿಂದದ್ದರಲ್ಲಿ ಅರ್ಧದಷ್ಟು ಕೂಡ ಸರಿಯಾಗಿ ಅರಗುವುದಿಲ್ಲ, ಅದಕ್ಕೇ ಲದ್ದಿಯನ್ನು ಒಡೆದರೆ ನಾರು, ಸಿಪ್ಪೆ, ಇಡೀ ಬೀಜಗಳು ಕಾಣುತ್ತವೆ. ಆಡು, ಜಿಂಕೆಯೂ ಮೆಲುಕು ಹಾಕುವ ಪ್ರಾಣಿಗಳೇ, ಆದರೆ ಅವುಗಳ ದೊಡ್ಡ ಕರುಳು ನೀರನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಗಟ್ಟಿ ಕಾಳುಗಳಾಗಿ ಉದುರುತ್ತದೆ. ಅಂದರೆ ಹೊಟ್ಟೆಯೊಳಗೆ ನಡೆದದ್ದೇ ಪದದಲ್ಲಿದೆ!

ಈ ವ್ಯತ್ಯಾಸ ಎಷ್ಟು ಮುಖ್ಯ ಅನ್ನುವುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಕೊಡುತ್ತೇನೆ. ಅಲ್ಲಿಯ ಸಗಣಿಹುಳುಗಳಿಗೆ ಕಾಂಗರೂಗಳ ಒಣ ಹಿಕ್ಕೆ ರೂಢಿಯಾಗಿತ್ತು. 1788ರಲ್ಲಿ ಯೂರೋಪಿನವರು ದನಗಳನ್ನು ತಂದರು. ಮುಂದೆ ದನಗಳು ಹೆಚ್ಚಾದಂತೆ ಆ ಹಸಿ ಸಗಣಿಯನ್ನು ಅಲ್ಲಿಯ ಹೆಚ್ಚಿನ ಹುಳುಗಳಿಗೆ ನಿಭಾಯಿಸಲು ಆಗಲಿಲ್ಲ. ತೊಪ್ಪೆಗಳು ಬಿದ್ದಲ್ಲೇ ಒಣಗಿದವು, ಅಡಿಯ ಹುಲ್ಲು ಸತ್ತಿತು, ನೊಣಗಳು ವಿಪರೀತ ಹೆಚ್ಚಿದವು. ಕೊನೆಗೆ ಹಂಗೇರಿ ಮೂಲದ ಕೀಟತಜ್ಞ ಜಾರ್ಜ್ ಬೋರ್ನೆಮಿಸ್ಸ ಅವರ ಸಲಹೆಯಂತೆ, 1960ರ ದಶಕದ ಕೊನೆಯಿಂದ ಆಫ್ರಿಕಾ ಮತ್ತು ಯೂರೋಪಿನ ಸಗಣಿಹುಳುಗಳನ್ನು ತರಿಸಿ ಬಿಡಬೇಕಾಯಿತು. ಸಗಣಿಯನ್ನು ಮಣ್ಣಿನೊಳಗೆ ಎಳೆದು ಹೂಳುವುದು, ಅದರಲ್ಲೇ ಮೊಟ್ಟೆ ಇಡುವುದು ಅವುಗಳ ಬದುಕು. ಹುಳುವಿಗೆ ಸಗಣಿ ಬೇರೆ, ಹಿಕ್ಕೆ ಬೇರೆ. ಎರಡನ್ನೂ 'ಮಲ' ಅಂದುಬಿಟ್ಟರೆ ಈ ಕಥೆ ಮಕ್ಕಳಿಗೆ ಅರ್ಥವೇ ಆಗುವುದಿಲ್ಲ ಅಲ್ವಾ?

'ಮಲ'ದ ಇನ್ನೊಂದು ತೊಂದರೆ ಹಕ್ಕಿಗಳದ್ದು. ಹಕ್ಕಿಗೆ ಉಚ್ಚೆ ಬೇರೆ, ಮಲ ಬೇರೆ ದಾರಿಯಲ್ಲಿ ಹೋಗುವುದಿಲ್ಲ. ಹಿಕ್ಕೆಯ ಕಪ್ಪು ಭಾಗ ಮಲ, ಬಿಳಿ ಭಾಗ ಯೂರಿಕ್ ಆಮ್ಲ, ಅಂದರೆ ನಮ್ಮ ಲೆಕ್ಕದಲ್ಲಿ ಉಚ್ಚೆ. ಹಲ್ಲಿ ಹಿಕ್ಕೆಯ ತುದಿಯ ಬಿಳಿಯೂ ಅದೇ. ಪೆರು ದೇಶದ ಕರಾವಳಿಯ ದ್ವೀಪಗಳಲ್ಲಿ ಮಳೆ ತೀರಾ ಕಡಿಮೆ, ಅಲ್ಲಿ ಕಡಲಹಕ್ಕಿಗಳ ಹಿಕ್ಕೆ ಗುಡ್ಡೆಗಟ್ಟಿತ್ತು. 19ನೇ ಶತಮಾನದಲ್ಲಿ ಅದನ್ನು ಗ್ವಾನೋ ಅಂತ ಹಡಗುಗಟ್ಟಲೆ ಯೂರೋಪಿಗೆ ಗೊಬ್ಬರವಾಗಿ ಸಾಗಿಸಿದರು. ಅದರಲ್ಲಿ ಸಾರಜನಕ ಅಷ್ಟು ಜಾಸ್ತಿ ಇರುವುದಕ್ಕೆ ದೊಡ್ಡ ಕಾರಣ ಆ ಬಿಳಿ ಭಾಗವೇ. ಹಾಗಾಗಿ ಇಲ್ಲಿ 'ಹಿಕ್ಕೆ' ಸರಿಯಾದ ಪದ, 'ಮಲ' ಅರ್ಧ ಪದ.

'ತ್ಯಾಜ್ಯ' ಅನ್ನುವುದನ್ನಂತೂ ನಾನು ಬಿಲ್ಕುಲ್ ಒಪ್ಪುವುದಿಲ್ಲ. ಯಾರಿಗೆ ತ್ಯಾಜ್ಯ? ಮೊಲ ಎರಡು ಥರದ ಹಿಕ್ಕೆ ಹಾಕುತ್ತದೆ, ಮೆತ್ತನೆಯದನ್ನು ತಾನೇ ಮತ್ತೆ ತಿಂದು ಉಳಿದ ಸತ್ವ ಪಡೆಯುತ್ತದೆ. ಬಂದಳಿಕೆಯ ಅಂಟು ಬೀಜ ಹಕ್ಕಿಯ ಹಿಕ್ಕೆಯ ಜೊತೆ ಇನ್ನೊಂದು ಮರದ ಕೊಂಬೆಗೆ ಅಂಟಿಕೊಂಡೇ ಮೊಳೆಯುತ್ತದೆ, ನೆಲಕ್ಕೆ ಬಿದ್ದರೆ ಅದಕ್ಕೆ ಬದುಕಿಲ್ಲ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಮೇಲ್ನೀರಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಕ್ರಿಲ್ ಅನ್ನುವ ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿನ್ನುವ ತಿಮಿಂಗಿಲಗಳು ಮೇಲ್ನೀರಿನಲ್ಲಿ ಹೊರಹಾಕುವುದರಲ್ಲಿ ಅದು ಹೇರಳವಾಗಿದೆ, ಸೂಕ್ಷ್ಮ ಪಾಚಿಗಳಿಗೆ ಅದು ಆಹಾರ, ಆ ಪಾಚಿಗಳನ್ನು ಮತ್ತೆ ಕ್ರಿಲ್ ತಿನ್ನುತ್ತದೆ.

ಸದ್ಯಕ್ಕೆ ತಲೆಬರಹಕ್ಕೆ 'ಹಿಕ್ಕೆ'ಯನ್ನೇ ಹಿಗ್ಗಿಸಿ ಬಳಸುವ ಯೋಚನೆ ಇದೆ, ಎರೆಹುಳುವಿನದ್ದಕ್ಕೂ ಹಿಕ್ಕೆ ಅನ್ನುತ್ತೇವಲ್ಲ. ಒಳಗೆ ಮಾತ್ರ ಸಗಣಿ, ಲದ್ದಿ ಆಯಾ ಜಾಗದಲ್ಲಿ ಹಾಗೇ ಇರುತ್ತವೆ. ಆದರೆ ಮೂರು ಕಡೆ ಕೈ ಓಡುತ್ತಿಲ್ಲ. ಹುಲಿ, ಚಿರತೆ ಹಾಕುವ, ಕೂದಲು ಮೂಳೆಚೂರು ತುಂಬಿದ್ದಕ್ಕೆ ಕೆಲವರು ಹಿಕ್ಕೆ ಅನ್ನುತ್ತಾರೆ, ಕೆಲವರು ಲದ್ದಿ ಅನ್ನುತ್ತಾರೆ, ನೀವು ಯಾವುದನ್ನು ಕೇಳಿದ್ದೀರಿ? ಎಲೆ ತಿನ್ನುವ ಕಂಬಳಿಹುಳು ಉದುರಿಸುವ ಕಾಳಿಗೆ ಬೇರೆ ಪದ ಇದೆಯಾ? ಇನ್ನು ತಿಮಿಂಗಿಲದ್ದು ನೀರಿನಲ್ಲಿ ಮೋಡದಂತೆ ಹರಡಿಕೊಳ್ಳುತ್ತದೆ, ಅದನ್ನು ಹಿಕ್ಕೆ ಅನ್ನಲು ಮನಸ್ಸು ಬರುತ್ತಿಲ್ಲ. ಮನೆಯಲ್ಲೋ ಕಾಡಿನ ಕೆಲಸದವರ ಬಾಯಲ್ಲೋ ಕೇಳಿದ ಪದವಿದ್ದರೆ, ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ, ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.