‘ಒಳವಲಸೆ’ ಅಂದರೆ ಒಳಗೆ ಬರುವುದೋ, ಒಳಗೊಳಗೇ ಹೋಗುವುದೋ?

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜನಸಂಖ್ಯೆಯ ಪಾಠಕ್ಕೆಂದು ಮಕ್ಕಳಿಗೆ ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ನಿಮ್ಮನ್ನು ಕೇಳೋಣ ಅಂತ ಬರೆದೆ.

ಲೆಕ್ಕವೇನೋ ಸುಲಭ. ಒಂದು ಊರಿನ ಜನ ಹೆಚ್ಚಬೇಕಾದರೆ ಅಲ್ಲೇ ಹುಟ್ಟಬೇಕು, ಇಲ್ಲವೇ ಬೇರೆ ಕಡೆಯಿಂದ ಬರಬೇಕು. ಕಡಿಮೆಯಾಗಬೇಕಾದರೆ ಸಾಯಬೇಕು, ಇಲ್ಲವೇ ಊರು ಬಿಡಬೇಕು. ಹುಟ್ಟಿಗೂ ಸಾವಿಗೂ ಪದದ ಚಿಂತೆ ಇಲ್ಲ. ಬರುವುದು, ಹೋಗುವುದು ಇವೆರಡರದ್ದೇ ತೊಡಕು.

ಉದಾಹರಣೆಗೆ ಚಿಕ್ಕಮಗಳೂರು ಜಿಲ್ಲೆಯನ್ನು ತೆಗೆದುಕೊಂಡೆ. 2001ರ ಜನಗಣತಿಯಲ್ಲಿ ಅಲ್ಲಿ ಸುಮಾರು 11.41 ಲಕ್ಷ ಜನ. 2011ರಲ್ಲಿ 11.38 ಲಕ್ಷ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಮಲೆನಾಡಿನಲ್ಲಿ ಮಕ್ಕಳು ಹುಟ್ಟುವುದು ನಿಂತಿರಲಿಲ್ಲ. ಜನ ಊರು ಬಿಟ್ಟರು, ಅಷ್ಟೇ. ಚಿಕ್ಕಮಗಳೂರಿನ ಹುಡುಗ ಬೆಂಗಳೂರಿಗೆ ಹೋದರೆ ಚಿಕ್ಕಮಗಳೂರಿಗೆ ಅದು ಹೊರವಲಸೆ, ಬೆಂಗಳೂರಿಗೆ ಒಳವಲಸೆ ಅಂತ ಬರೆದೆ. ಬರೆದ ಮೇಲೆ ಅನುಮಾನ ಬಂತು. ದೇಶದ ಒಳಗೇ ಆಗುವ ವಲಸೆಗೂ ಕೆಲವರು ‘ಒಳವಲಸೆ’ ಅನ್ನುತ್ತಾರಲ್ವಾ? ಹಾಗೆ ಓದಿದರೆ ಆ ಹುಡುಗನ ಹೊರವಲಸೆಯೂ ಒಳವಲಸೆಯೇ ಆಗಿಬಿಡುತ್ತದೆ. ಪರೀಕ್ಷೆಯಲ್ಲಿ ಮಗು ಏನು ಬರೆಯಬೇಕು?

ಎರಡನೆಯ ಅರ್ಥಕ್ಕೆ ‘ಆಂತರಿಕ ವಲಸೆ’ ಇದೆ, ಇರಲಿ. ಮೊದಲನೆಯದಕ್ಕೆ ‘ಆಗಮನ ವಲಸೆ’ ಅಂದರೆ ಗೊಂದಲ ಇಲ್ಲ, ಆದರೆ ನಮ್ಮ ಮಕ್ಕಳಿಗೆ ಅದು ಬಾಯಿಪಾಠದ ಮಾತು. ‘ಬರವಲಸೆ’ ಅಂತ ಮಾಡಿ ನೋಡಿದೆ. ನಮ್ಮ ಸೀಮೆಯಲ್ಲಿ ಅದನ್ನು ಬರ ಬಿದ್ದು ಊರು ಬಿಡುವುದು ಅಂತಲೇ ಓದುತ್ತಾರೆ. ಸದ್ಯಕ್ಕೆ ‘ಬಂದವರು’, ‘ಹೋದವರು’ ಅಂತ ಬರೆದು ಬಿಟ್ಟಿದ್ದೇನೆ.

ಇನ್ನು ‘ವಲಸೆ’ ಅನ್ನುವ ಪದವೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ (ಅರಸರ ಬಳಿ ಬ್ರಿಟಿಷರ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್, ತಮ್ಮ ಇತಿಹಾಸದ ಪುಸ್ತಕದಲ್ಲಿ ಈ ಪದವನ್ನು ಬಿಡಿಸಿ ಹೇಳಿದ್ದಾರೆ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ. ಶತ್ರು ಸೈನ್ಯ ಬರುತ್ತಿದೆ ಅಂದ ಕೂಡಲೇ ಜನ ಭಾರದ ಸಾಮಾನನ್ನು ಮಣ್ಣಲ್ಲಿ ಹೂತಿಡುತ್ತಿದ್ದರು. ಆರು ವರ್ಷ ದಾಟಿದ ಮಕ್ಕಳೂ ಕೈಲಾದಷ್ಟು ಕಾಳು ಹೊತ್ತು ಮನೆ ಬಿಡುತ್ತಿದ್ದರು. ಹಾಗೆ ಹೊರಟ ಸೀಮೆಯ ಜನರೇ ‘ವಲಸೆ’. ಯುರೋಪಿನ ಭಾಷೆಗಳಲ್ಲಿ ಇಷ್ಟುದ್ದ ವಿವರಿಸಬೇಕಾದ ಸಂಕಟ ಇಲ್ಲಿ ಒಂದೇ ಪದದಲ್ಲಿದೆ ಅಂತ ಅವರಿಗೆ ಬೆರಗು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಅದೇ ಪದ ಜನಗಣತಿಯಲ್ಲಿ ಎಲ್ಲಿಗೆ ಬಂದಿದೆ ನೋಡಿ. 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು. ಮೂರರಲ್ಲಿ ಎರಡು ಪಾಲು ಹೆಂಗಸರು, ಅವರಿಗೆ ದೊಡ್ಡ ಕಾರಣ ಮದುವೆ. ನನ್ನ ತಂಗಿಯನ್ನು ಕೊಪ್ಪಳಕ್ಕೆ ಕೊಟ್ಟಿದ್ದೇವೆ. ಲೆಕ್ಕದಲ್ಲಿ ಅವಳೂ ವಲಸೆ ಹೋದವಳು. ನಮ್ಮವ್ವನ ಮುಂದೆ ಈ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ‘ಕೊಟ್ಟ ಊರು’, ‘ತವರು’ ಅನ್ನುವ ಪದಗಳಿರುವ ಭಾಷೆಯಲ್ಲಿ ಅದು ವಲಸೆ ಹೇಗಾಗುತ್ತದೆ?

ತರಗತಿಯಲ್ಲಿ ‘ವಲಸೆ ಅಂದರೆ ಏನು?’ ಅಂತ ಕೇಳಿದ್ದೆ. ‘ಹಕ್ಕಿ ಹೋಗೋದ್ರಿ ಸರ್’ ಅಂದ ಒಬ್ಬ. ಅವನ ಅಪ್ಪ, ಅವ್ವ ಆಗ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬಳೇ. ‘ನಿಮ್ಮಪ್ಪ ಹೋಗಿರೋದು?’ ಅಂದೆ. ‘ಅದು ಗುಳೆ ರೀ.’

ಅವನ ಉತ್ತರ ಸರಿಯಾಗಿಯೇ ಇದೆ. ಸುಗ್ಗಿ ಮುಗಿದ ಮೇಲೆ ಗುಳೆ ಹೋದವರು ಮುಂಗಾರಿಗೆ ಬಿತ್ತಲು ಬರುತ್ತಾರೆ. ನಮ್ಮಲ್ಲಿ ಗುಳೆ ಅಂದರೆ ವಾಪಸ್ ಬರುವುದೂ ಅದರಲ್ಲೇ ಸೇರಿದೆ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಇಂಥವರನ್ನು ಬೇರೆಯಾಗಿಯೇ ಎಣಿಸಿತು. ವರ್ಷದಲ್ಲಿ ಒಂದು ತಿಂಗಳಿಗೆ ಕಡಿಮೆ ಇಲ್ಲದೆ, ಆರು ತಿಂಗಳು ತುಂಬದೆ ದುಡಿಯಲು ಹೋದವರು. ಕನ್ನಡದಲ್ಲಿ ಅದನ್ನು ‘ಅಲ್ಪಾವಧಿ ವಲಸೆ’ ಅಂತ ಬರೆಯುತ್ತಾರೆ. ಗುಳೆ ಅನ್ನುವ ಪದ ಸಿದ್ಧವಾಗಿ ಇರುವಾಗ ಇದು ಯಾಕೆ ಬೇಕು? ಹಾಜರಿ ಪುಸ್ತಕದಲ್ಲೂ ಅಪ್ಪ, ಅವ್ವನ ಜೊತೆ ಗುಳೆ ಹೋದ ಮಕ್ಕಳ ಹೆಸರಿನ ಮುಂದೆ ನಾವು ‘ವಲಸೆ’ ಅಂತ ಬರೆಯುತ್ತೇವೆ. ಮಗು ಇನ್ನು ಬರುವುದೇ ಇಲ್ಲ ಅನ್ನುವ ಹಾಗೆ ಇರುತ್ತದೆ ಅದು. ನನಗೆ ಕೈ ನಡುಗುತ್ತದೆ.

ಕೇಳಬೇಕಾದದ್ದು ಇಷ್ಟು. ಹೊರಗಿನಿಂದ ಬಂದು ನೆಲೆಸುವುದಕ್ಕೆ, ‘ಒಳವಲಸೆ’ ಬಿಟ್ಟು ನಿಮ್ಮ ಕಡೆ ಮಾತಿನಲ್ಲಿರುವ ಪದ ಯಾವುದಾದರೂ ಇದೆಯೇ? ತುಂಗಭದ್ರಾ ಕಾಲುವೆ ನೀರಿಗೆ ಆಂಧ್ರದಿಂದ ಬಂದು ನೆಲೆಸಿದವರನ್ನು ಇಲ್ಲಿ ‘ಕ್ಯಾಂಪಿನವರು’ ಅನ್ನುತ್ತಾರೆ, ಆದರೆ ಅದು ಎಲ್ಲ ಕಡೆಗೂ ಹೊಂದುವುದಿಲ್ಲ. ಹೋಗುವುದಕ್ಕೆ ಕರಾವಳಿಯವರ ‘ಘಟ್ಟಕ್ಕೆ ಹೋದರು’ ಅನ್ನುವಂಥ ಮಾತು ಬೇರೆ ಸೀಮೆಯಲ್ಲೂ ಇದ್ದರೆ ಬರೆಯಿರಿ. ಇನ್ನೊಂದು, ಹಳೆ ಮೈಸೂರು ಕಡೆಯವರು ಹೇಳಬೇಕು: ನಿಮ್ಮಲ್ಲಿ ‘ಗುಳೆ ಹೋದರು’ ಅಂದರೆ ತಿರುಗಿ ಬರುತ್ತಾರೆ ಅನ್ನುವ ಅರ್ಥ ಇದೆಯೇ, ಇಲ್ಲ ಮನೆ ಖಾಲಿ ಮಾಡಿಕೊಂಡು ಹೋದರು ಅಂತಲೇ?